ಒಬ್ಬನೇ ಬಿಚ್ಚಿದ ಕಟ್ಟು

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಇಲ್ಲಿಂದಲೇ ಎದ್ದು ಹೋಗಬಹುದು. ಕಳೆದ ಸಲ ನಾನು ಆ ದೊಡ್ಡ ಹಿಮ ಬಿದ್ದ ವರ್ಷದ ಕತೆ ರೆಕಾರ್ಡ್ ಮಾಡಿ ಈ ಗ್ರೂಪಿಗೆ ಕಳಿಸಿದಾಗ ಯಾರೋ ಒಬ್ಬರು, ಹೆಸರು ಹೇಳುವುದಿಲ್ಲ, ‘ಅಂಕಲ್, ಅದು ತೊಂಬತ್ತಾರಲ್ಲ, ತೊಂಬತ್ತೇಳು’ ಎಂದು ಬರೆದು ಕೆಳಗೊಂದು ನಗುವ ಮುಖ ಅಂಟಿಸಿದ್ದರು. ತೊಂಬತ್ತಾರೇ. ಡಿಸೆಂಬರ್ ಕೊನೆಯ ವಾರ. ಆಗ ನೀವು ತೊಟ್ಟಿಲಲ್ಲಿದ್ದಿರಿ, ನಾನು ಸಲಿಕೆ ಹಿಡಿದು ಕಾರು ಹುಡುಕುತ್ತಿದ್ದೆ. ಇವತ್ತು ಹೇಳುವುದು ಹೋದ ಬುಧವಾರ ನಡೆದದ್ದು. ಹೋದ ಬುಧವಾರವನ್ನೂ ಮರೆತಿರುತ್ತಾನೆ ಮುದುಕ ಎನ್ನುವವರ ಬಾಯಿಗೆ ನನ್ನಲ್ಲಿ ಔಷಧಿ ಇಲ್ಲ. ಉದ್ದವಾಯಿತು ಅನ್ನುವವರು ವೇಗ ಹೆಚ್ಚಿಸಿಕೊಂಡು ಕೇಳಿ, ನನ್ನ ದನಿ ಬಾತುಕೋಳಿಯಂತಾದರೂ ನನಗೆ ಬೇಸರವಿಲ್ಲ. ಇನ್ನೊಂದು ಮಾತು. ಆ ಶ್ರೀಧರನ ತಲೆಯೊಳಗೆ ಓಡಿದ್ದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಬೇಡಿ. ಗೊತ್ತು, ಅಷ್ಟೇ.

ಬುಧವಾರ ಮಧ್ಯಾಹ್ನ ಎರಡಕ್ಕೆ ಐದು ನಿಮಿಷ ಇದ್ದಾಗ, ಲಿನ್‌ವುಡ್‌ನ ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯಲ್ಲಿ, ಅರವತ್ತೆಂಟು ವರ್ಷದ ಶ್ರೀಧರ ಸೋಫಾದ ಮೇಲೆ ನಿಂತಿದ್ದ. ಕೂತಿರಲಿಲ್ಲ, ನಿಂತಿದ್ದ. ಕಾಲಿಗೆ ಕಾಲುಚೀಲ, ಒಂದು ಕೈಯಲ್ಲಿ ರಿಮೋಟು, ಇನ್ನೊಂದು ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ತಲೆಯ ಮೇಲೆ ಇಟ್ಟುಕೊಂಡಿದ್ದ. ಪೋರ್ಚುಗಲ್ಲಿನ ಒಂದು ಬಂದರು ಊರಿನಲ್ಲಿ, ಹಸಿರು ಅಂಗಿಯ ನಲವತ್ತು ಸಾವಿರ ಜನ ಸಾವಿನ ಮನೆಯವರ ಹಾಗೆ ನಿಂತಿದ್ದರು. ಅವರೆಲ್ಲರ ನಡುವೆ, ಒಂದು ಮೂಲೆಯಲ್ಲಿ, ಒಂದು ಹಿಡಿ ನೀಲಿ ಬಿಳಿ ಪಟ್ಟೆಯ ಹುಚ್ಚರು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಥಾರ್ನ್‌ಲಿ! ಉತ್ತರ ಇಂಗ್ಲೆಂಡಿನ ಮೂಲೆಯ ಊರಿನ ಫುಟ್‌ಬಾಲ್ ತಂಡ, ಇಪ್ಪತ್ತೆರಡು ವರ್ಷದ ಮೇಲೆ ಯುರೋಪಿನ ಟೂರ್ನಿಗೆ ಕಾಲಿಟ್ಟಿದ್ದ ತಂಡ, ಮೊದಲ ಅರ್ಧ ಗಂಟೆಯಲ್ಲೇ ಎರಡು ಗೋಲು ತಿಂದು ಕೂತಿತ್ತು. ಎಪ್ಪತ್ತೊಂದನೇ ನಿಮಿಷಕ್ಕೆ ಒಂದು ತೀರಿಸಿತು. ಎಂಬತ್ತನಾಲ್ಕರಲ್ಲಿ ಹಸಿರಿನವರಿಗೆ ಪೆನಾಲ್ಟಿ ಸಿಕ್ಕಾಗ ಥಾರ್ನ್‌ಲಿಯ ಗೋಲು ಕಾಯುವ ಗೋಲಿ ತಪ್ಪು ದಿಕ್ಕಿಗೆ ಬಿದ್ದೂ ಎಡಗಾಲಿನ ತುದಿಯಿಂದ ಅದನ್ನು ಒದ್ದು ಕಳಿಸಿದ. ಮುಗಿಯಿತು, ಇನ್ನು ಸೋಲೇ ಗತಿ ಎನ್ನುವಾಗ, ತೊಂಬತ್ತನಾಲ್ಕನೇ ನಿಮಿಷದಲ್ಲಿ, ಬೋಳುತಲೆಯ ಡಿಫೆಂಡರ್ ಒಬ್ಬನ ಮೊಣಕಾಲ ಕೆಳಗಿನ ಮೂಳೆಗೆ ಬಡಿದ ಚೆಂಡು, ಅವನಿಗೇ ತಿಳಿಯದ ಹಾಗೆ, ಬಲೆಯೊಳಗೆ ಹೋಗಿ ಕೂತಿತು. ಅಲ್ಲಿಗೂ ಬಿಡಲಿಲ್ಲ. ಅದು ಗೋಲು ಹೌದೋ ಅಲ್ಲವೋ ಎಂದು ರೆಫರಿ ಮೂರು ನಿಮಿಷ ವೀಡಿಯೊ ನೋಡಿದ. ಆ ಮೂರು ನಿಮಿಷದಲ್ಲಿ ಶ್ರೀಧರ ತನಗೆ ಗೊತ್ತಿದ್ದ ದೇವರನ್ನೆಲ್ಲ ಕರೆದು, ಗೊತ್ತಿಲ್ಲದ ಪೋರ್ಚುಗೀಸ್ ಸಂತರನ್ನೂ ಕರೆದ. ಕೊನೆಗೆ ರೆಫರಿ ಮೈದಾನದ ನಡುವಿನತ್ತ ಕೈ ತೋರಿಸಿದ. ಎರಡು, ಎರಡು.

‘ರೀ, ಮೊದ್ಲು ಕೆಳಗಿಳೀರಿ’ ಎಂದಳು ಹೆಂಡತಿ ಕಮಲಾ, ಅಡಿಗೆಮನೆಯಲ್ಲಿ ಹುರುಳಿಕಾಯಿ ಹೆಚ್ಚುತ್ತ. ‘ಸೊಂಟ ಮುರ್ಕೊಂಡ್ರೆ ನಾನಂತೂ ಎತ್ತಲ್ಲ. ಗೆದ್ರಾ?’

‘ಇಲ್ಲ ಕಣೇ. ಡ್ರಾ!’

‘ಡ್ರಾಗೆ ಇಷ್ಟೊಂದು ಕುಣಿತವಾ?’

‘ನಿನಗೆ ಗೊತ್ತಾಗಲ್ಲ. ಅವರ ಮನೇಲಿ ಎರಡು ಗೋಲು! ಎರಡು ಮ್ಯಾಚಿನ ಲೆಕ್ಕ ಸೇರಿಸಿ ಸಮ ಆದ್ರೆ, ಹೊರಗೆ ಹೋಗಿ ಹೊಡೆದ ಗೋಲಿಗೆ ತೂಕ ಜಾಸ್ತಿ. ಮುಂದಿನ ವಾರ ನಮ್ಮೂರಲ್ಲಿ ಸೊನ್ನೆ ಸೊನ್ನೆ ಆದ್ರೂ ಸಾಕು, ಒಂದೊಂದು ಆದ್ರೂ ಸಾಕು, ನಾವೇ ಮುಂದಕ್ಕೆ. ಇದು ಗೆದ್ದ ಹಾಗೇ!’

ನಮ್ಮೂರು ಅಂದ. ಥಾರ್ನ್‌ಲಿಯನ್ನು ಅವನು ಜನ್ಮದಲ್ಲಿ ಒಮ್ಮೆಯೂ ಕಂಡವನಲ್ಲ. ಕಮಲಾ ಚಾಕು ನಿಲ್ಲಿಸಿ ಟೀವಿಯ ಕಡೆ ನೋಡಿದಳು. ಅಲ್ಲಿ ಸ್ಟುಡಿಯೋದಲ್ಲಿ ಕೆಂಪು ಟೈ ಕಟ್ಟಿದವನೊಬ್ಬ ಗಂಭೀರವಾಗಿ ಏನೋ ಹೇಳುತ್ತಿದ್ದ.

‘ಆ ರೂಲು ತೆಗೆದುಹಾಕಿದಾರಂತಲ್ರೀ?’

‘ಯಾರಂದಿದ್ದು?’

‘ಆ ಟೈನವನೇ. ಈಗ ತಾನೇ ಅಂದ. ಹಿಂದಿನ ಕಾಲ ಆಗಿದ್ರೆ ಈ ಎರಡು ಗೋಲಿಗೆ ಬೆಲೆ ಇರ್ತಿತ್ತು, ಈಗ ಇಲ್ಲ ಅಂತ. ನೀವು ಕುಣೀತಿದ್ರಿ, ಕೇಳಿಸಿಲ್ಲ.’

ಶ್ರೀಧರ ಸೋಫಾದಿಂದ ಇಳಿದು ರಿಮೋಟಿನಲ್ಲಿ ಹಿಂದಕ್ಕೆ ಓಡಿಸಿ ಕೇಳಿದ. ಹೌದು. ಎರಡು ಸಾವಿರದ ಇಪ್ಪತ್ತೊಂದರಲ್ಲೇ ತೆಗೆದಿದ್ದಾರೆ. ಮುಂದಿನ ವಾರ ಸೊನ್ನೆ ಸೊನ್ನೆ ಆದರೆ ಹೆಚ್ಚುವರಿ ಸಮಯ, ಆಮೇಲೆ ಪೆನಾಲ್ಟಿ. ಕತ್ತಲಲ್ಲಿ ಇಲ್ಲದ ಮೆಟ್ಟಿಲಿಗೆ ಕಾಲಿಟ್ಟಂತಾಯಿತು. ಐದು ವರ್ಷಕ್ಕೆ ಹತ್ತಿರ ಬಂತಲ್ಲ, ಇಡೀ ಜಗತ್ತಿಗೆ ಗೊತ್ತಿದ್ದದ್ದು, ಹುರುಳಿಕಾಯಿ ಹೆಚ್ಚುವ ಕಮಲಾಗೂ ಗೊತ್ತಾದದ್ದು, ತನಗೆ ಗೊತ್ತಿರಲಿಲ್ಲ! ಗೊತ್ತಿರುವುದಾದರೂ ಹೇಗೆ? ಥಾರ್ನ್‌ಲಿ ಯುರೋಪಿಗೆ ಹೋದದ್ದೇ ಎರಡು ಸಾವಿರದ ಮೂರರಲ್ಲಿ, ಆಮೇಲೆ ಹೋಗಲಿಲ್ಲ. ಬೇರೆಯವರ ಮದುವೆಯ ಊಟದ ಪಟ್ಟಿ ಓದುತ್ತ ಕೂರುವ ಜಾಯಮಾನ ಅವನದಲ್ಲ. ಅಂತೂ ಆ ಗೋಲಿನ ಸಂತೋಷ ಒಂದು ಕಡೆ ಎದೆಯಲ್ಲಿ ಇನ್ನೂ ಧಗಧಗ ಉರಿಯುತ್ತಲೇ ಇತ್ತು, ಇನ್ನೊಂದು ಕಡೆ ಯಾರೋ ಅದಕ್ಕೆ ಚೊಂಬಿನಿಂದ ನೀರು ಚಿಮುಕಿಸುತ್ತಿದ್ದರು. ಸೋಲಲಿಲ್ಲ, ಆದರೆ ಗೆದ್ದ ಹಾಗೂ ಅಲ್ಲ. ಈ ನಡುವಿನ ಸ್ಥಿತಿಯಲ್ಲಿ ಮನುಷ್ಯ ಎಲ್ಲಿ ಕೂರಬೇಕು? ಅವನು ಮತ್ತೆ ಆ ಬೋಳುತಲೆಯವನ ಗೋಲು ಹಾಕಿದ. ಮತ್ತೆ ಕೂಗಿದ. ಕೂಗು ಈ ಸಲ ಗೋಡೆಗೆ ಬಡಿದು ವಾಪಸು ಬಂತು. ಆಗ ಅವನಿಗೆ ತಿಳಿಯಿತು, ಕೊರತೆ ರೂಲಿನದಲ್ಲ. ಪಕ್ಕದಲ್ಲಿ ಗುರುಪಾದಪ್ಪ ಇರಲಿಲ್ಲ.

ಗದಗಿನ ಗುರುಪಾದಪ್ಪ ಇವನಿಗಿಂತ ಮೂರು ವರ್ಷ ದೊಡ್ಡವನು. ಎಂಬತ್ತೊಂದರಲ್ಲಿ ಇಬ್ಬರೂ ಇಲ್ಲಿನ ಯೂನಿವರ್ಸಿಟಿಯಲ್ಲಿ, ವಿಮಾನದ ಮಾದರಿಗಳಿಗೆ ಗಾಳಿ ಬಿಟ್ಟು ಪರೀಕ್ಷಿಸುವ ಗಾಳಿ ಸುರಂಗದ ಲ್ಯಾಬಿನಲ್ಲಿ ವಿದ್ಯಾರ್ಥಿಗಳು. ಅಲ್ಲಿ ಆಲ್ಬರ್ಟ್ ಎಂಬ ಮೆಕ್ಯಾನಿಕ್ ಇದ್ದ, ಥಾರ್ನ್‌ಲಿಯವನು. ಅವನ ತಾಯಿ ಪ್ರತಿ ವಾರ ಊರಿನ ಪತ್ರಿಕೆಗಳನ್ನು ಹಗ್ಗದಿಂದ ಕಟ್ಟಿ ಹಡಗಿನ ಅಂಚೆಗೆ ಹಾಕುತ್ತಿದ್ದಳು. ಕಟ್ಟು ಬಂದು ಮುಟ್ಟಲು ಆರು ವಾರ. ಆರು ವಾರ ಹಳಸಿದ ಸ್ಕೋರುಗಳನ್ನು ಶುಕ್ರವಾರ ಊಟದ ಹೊತ್ತಿಗೆ ಮೂವರೂ ಸೇರಿ ಬಿಚ್ಚಿ ಓದಿ, ಆಗಷ್ಟೇ ನಡೆದದ್ದು ಎಂಬಂತೆ ಕಿರುಚಾಡುತ್ತಿದ್ದರು. ಕಟ್ಟನ್ನು ಒಬ್ಬನೇ ಬಿಚ್ಚಬಾರದು. ಅದೊಂದೇ ನಿಯಮ. ಶ್ರೀಧರನ ತಂದೆ ತೀರಿಕೊಂಡು ಅವನು ಮೈಸೂರಿಗೆ ಹೋಗಿ ಮೂರು ವಾರ ಬಿಟ್ಟು ವಾಪಸು ಬಂದಾಗ, ಲ್ಯಾಬಿನ ಮೇಜಿನ ಮೇಲೆ ಮೂರು ಕಟ್ಟುಗಳು ಒಂದರ ಮೇಲೊಂದು ಹಾಗೇ ಇದ್ದವು, ಗಂಟು ಸಹಿತ. ಆಲ್ಬರ್ಟ್ ಎಷ್ಟು ಚುಡಾಯಿಸಿದರೂ ಗುರುಪಾದಪ್ಪ ಮುಟ್ಟಗೊಟ್ಟಿರಲಿಲ್ಲ. ‘ನೀ ಬರೋತನಕ ಅವರು ಆಡೇ ಇಲ್ಲ ಅಂತ ತಿಳಕೊಂಡಿದ್ದೆ’ ಅಂದಿದ್ದ. ಸಾಂತ್ವನದ ಮಾತು ಆಡಲು ಬಾರದವನು, ಅಷ್ಟು ಹೇಳಿ ಚಾಕುವನ್ನು ಇವನ ಕೈಗಿಟ್ಟಿದ್ದ. ಆಲ್ಬರ್ಟ್ ಹೋದ, ಪತ್ರಿಕೆ ಹೋಯಿತು, ಕ್ಯಾಸೆಟ್ಟು ಬಂತು, ಫೋನು ಬಂತು, ಇಬ್ಬರೂ ವಿಮಾನದ ಕಂಪನಿಯಲ್ಲಿ ಮೂವತ್ತು ವರ್ಷ ರೆಕ್ಕೆಗಳನ್ನು ಬಗ್ಗಿಸಿ ಮುರಿದು ನೋಡಿ ನಿವೃತ್ತರಾದರು. ನಿಯಮ ಮಾತ್ರ ಬದಲಾಗಲಿಲ್ಲ. ಒಬ್ಬನಿಗೆ ಬಿಡುವಿಲ್ಲದಿದ್ದರೆ ಇನ್ನೊಬ್ಬ ಫೋನು ಮುಚ್ಚಿಟ್ಟು ಕಾಯಬೇಕು. ಇವತ್ತು ಶ್ರೀಧರ ಒಬ್ಬನೇ ಕಟ್ಟು ಬಿಚ್ಚಿದ್ದ. ಬೇಕೆಂದೇ ಬಿಚ್ಚಿದ್ದ.

ಫೋನು ಮೇಜಿನ ಮೇಲೆ ನಡುಗಿತು. ಗುರುಪಾದಪ್ಪನ ಮಗಳು ಸ್ವಪ್ನಾ.

‘ಕಾಕಾ, ಮುಗೀತಾ? ಮೀಟಿಂಗ್ ನಡುವ ಕಾಲ್ ಮಾಡಾಕತ್ತೀನಿ, ಲಗೂನ ಹೇಳ್ರಿ. ಅಪ್ಪಾ ನೋಡಬಹುದಾ, ಬ್ಯಾಡಾ?’

ಇದು ಅವಳದೇ ಏರ್ಪಾಡು. ಗುರುಪಾದಪ್ಪನ ಎದೆ ಕೊಯ್ದು ಬೈಪಾಸ್ ಮಾಡಿ ಆಗ ಮೂರು ವಾರ. ಆರು ವಾರ ಉದ್ವೇಗ ಬೇಡ ಎಂದು ಡಾಕ್ಟರು ಅಂದದ್ದನ್ನು ಅವಳು ತನ್ನ ಆಫೀಸಿನ ಕೆಲಸದ ಹಾಗೆ ಹಂತಹಂತವಾಗಿ ಜಾರಿ ಮಾಡಿದ್ದಳು. ಮ್ಯಾಚು ಅವಳು ಆಫೀಸಿನಿಂದ ಬಂದ ಮೇಲೆ, ಸಂಜೆ ಆರಕ್ಕೆ, ರೆಕಾರ್ಡಿಂಗ್. ಅದಕ್ಕೆ ಮೊದಲು ಕಾಕಾ ಮಧ್ಯಾಹ್ನವೇ ಲೈವ್ ನೋಡಿ, ಅಪ್ಪನ ಎದೆಗೆ ಇದು ಆದೀತೇ ಇಲ್ಲವೇ ಎಂದು ಗುಟ್ಟಾಗಿ ಅವಳಿಗೆ ಹೇಳಬೇಕು. ಆಗದಿದ್ದರೆ ಆ್ಯಪ್ ಕೆಟ್ಟಿದೆ ಎಂದು ಅವಳು ಸುಳ್ಳು ಹೇಳುತ್ತಾಳೆ, ಸುಳ್ಳು ಆಗಲೇ ತಯಾರಿದೆ. ರಾಜನ ತಟ್ಟೆಯ ಅನ್ನವನ್ನು ಮೊದಲು ತಿಂದು ನೋಡುವವನ ಕೆಲಸ. ಶ್ರೀಧರ ಬೇಡ ಅನ್ನಬಹುದಿತ್ತು, ಅನ್ನಲಿಲ್ಲ. ಸ್ನೇಹಿತನ ಜೀವದ ಪ್ರಶ್ನೆ ಎಂದು ಒಪ್ಪಿಕೊಂಡೆ ಅಂತ ತನಗೆ ತಾನೇ ಹೇಳಿಕೊಂಡ. ನಿಜ ಏನೆಂದರೆ ಇಪ್ಪತ್ತೆರಡು ವರ್ಷದ ಮೇಲೆ ಬಂದ ಮ್ಯಾಚು, ಸಂಜೆಯವರೆಗೆ ಕಾಯಲು ಅವನಿಗೆ ಆಗುತ್ತಿರಲಿಲ್ಲ.

‘ಡ್ರಾ ಆಯ್ತಮ್ಮ’ ಅಂದ.

‘ಡ್ರಾ ಅಂದ್ರ ಯಾರೂ ಗೆದ್ದಿಲ್ಲ, ಯಾರೂ ಸೋತಿಲ್ಲ. ಪರ್ಫೆಕ್ಟ್! ಭಾಳ ಸೇಫ್ ಅಲ್ಲೇನ್ರಿ ಕಾಕಾ?’

ಶ್ರೀಧರ ಬಾಯಿ ತೆರೆದ. ಎರಡು ಗೋಲು ಹಿಂದೆ ಬಿದ್ದದ್ದು, ಆ ಪೆನಾಲ್ಟಿ, ತೊಂಬತ್ತನಾಲ್ಕನೇ ನಿಮಿಷ, ರೆಫರಿಯ ಆ ಮೂರು ನಿಮಿಷ. ತಂಡ ಐದು ಸೊನ್ನೆಯಿಂದ ಸೋತಿದ್ದರೆ ಇದರ ಅರ್ಧದಷ್ಟೂ ಎದೆ ಬಡಿಯುತ್ತಿರಲಿಲ್ಲ. ಮೂವತ್ತು ವರ್ಷ ಅವನು ಮಾಡಿದ್ದು ಇದನ್ನೇ, ಯಾವ ರೆಕ್ಕೆ ಎಷ್ಟು ಭಾರಕ್ಕೆ ಬಗ್ಗುತ್ತದೆ, ಎಲ್ಲಿ ಲಟಕ್ ಅನ್ನುತ್ತದೆ ಎಂದು ಮುಂಚೆಯೇ ಹೇಳುವುದು. ಬೇಡಮ್ಮ ಅನ್ನು, ಒಂದು ಮಾತು. ಆದರೆ ಅವನ ಕಣ್ಣೆದುರು ಬಂದದ್ದು ಬೋಳುತಲೆಯವನ ಕಾಲಲ್ಲ, ಆ ಗೋಲು ಹೋಗುವಾಗ ಗುರುಪಾದಪ್ಪನ ಮುಖ. ಹುಬ್ಬು ಮೇಲೇರಿ, ಬಾಯಿ ತೆರೆದು, ದನಿ ಬರಲು ಅರ್ಧ ಕ್ಷಣ ತಡವಾಗುತ್ತಿತ್ತಲ್ಲ, ಆ ಅರ್ಧ ಕ್ಷಣ. ಅದನ್ನು ನೋಡದಿದ್ದರೆ ಈ ಗೋಲು ಪೂರ್ತಿ ಆಗುವುದಿಲ್ಲ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ನಾಚಿಕೆ ಆಗುತ್ತಿರುವಾಗಲೇ ಬಾಯಿ ಹೇಳಿಬಿಟ್ಟಿತ್ತು.

‘ಹೂಂ. ಸೇಫು.’

ಸಂಜೆ ನಾಲ್ಕೂವರೆಗೇ ಹೊರಟ. ಫ್ರೀವೇಯಲ್ಲಿ ಕಾರುಗಳು ಒಂದಕ್ಕೊಂದು ಅಂಟಿಕೊಂಡು ತೆವಳುತ್ತಿದ್ದವು. ಬಿಸಿಲಿತ್ತು, ದೂರದಲ್ಲಿ ಹಿಮದ ಬೆಟ್ಟ ಪೂರ್ತಿ ಬಿಳಿಯಾಗಿ ಮೋಡದಿಂದ ಹೊರಗೆ ಬಂದಿತ್ತು. ಇಂಥ ದಿನ ಬೆಟ್ಟ ನೋಡಿ ಎಲ್ಲರೂ ಖುಷಿಪಡುತ್ತಾರೆ, ಶ್ರೀಧರ ಕನ್ನಡಿಯಲ್ಲಿ ತನ್ನ ಮೂತಿ ನೋಡಿಕೊಳ್ಳುತ್ತಿದ್ದ. ಗೊತ್ತಿಲ್ಲದವನ ಮುಖ ಹೇಗಿರುತ್ತದೆ? ಮೊದಲ ಗೋಲಿಗೆ ‘ಥತ್’ ಅನ್ನಬೇಕು. ಎರಡನೆಯದಕ್ಕೆ ಮಾತಾಡಬಾರದು, ತೊಡೆ ಬಡಿದುಕೊಳ್ಳಬೇಕು. ಪೆನಾಲ್ಟಿಗೆ ಎದ್ದು ಕಿಟಕಿಯ ಹತ್ತಿರ ಹೋಗಿ ಬೆನ್ನು ತಿರುಗಿಸಿ ನಿಲ್ಲಬೇಕು, ಅವನು ನಲವತ್ತು ವರ್ಷದಿಂದ ಮಾಡುತ್ತ ಬಂದದ್ದು ಅದನ್ನೇ. ಫ್ರೀವೇ ಇಳಿದ ಮೇಲೆ ಕೆಂಪು ದೀಪದಲ್ಲಿ ನಿಂತಾಗ ತೊಡೆ ಬಡಿದುಕೊಂಡು ‘ಅಯ್ಯೋ’ ಎಂದು ಅಭ್ಯಾಸ ಮಾಡಿದ. ಪಕ್ಕದ ಕಾರಿನ ಹೆಂಗಸು ಕನಿಕರದಿಂದ ನೋಡಿ ಕಿಟಕಿ ಏರಿಸಿಕೊಂಡಳು. ಹೊಟ್ಟೆಯೊಳಗೆ ಮಾತ್ರ, ನಾಚಿಕೆಯ ಅಡಿಯಲ್ಲಿ, ಚಿಕ್ಕ ಮಕ್ಕಳ ಉಲ್ಲಾಸ. ನೋಡ್ತಾನೆ, ಇನ್ನೆರಡು ಮೂರು ಗಂಟೆ, ಆ ಗೋಲು ನೋಡ್ತಾನೆ ಗುರು!

ಎಜುಕೇಶನ್ ಹಿಲ್ಲಿನ ಆ ಮನೆಯ ಬಾಗಿಲು ತೆಗೆದದ್ದು ಗುರುಪಾದಪ್ಪನ ಹೆಂಡತಿ ಬಸವ್ವ, ಕೈಯೆಲ್ಲ ಜೋಳದ ಹಿಟ್ಟು. ‘ಬರ್ರಿ ಶ್ರೀಧರಣ್ಣಾರ. ಬೆಳಗಿನಿಂದ ಒಂದ ಸವನ ನಿಮ್ಮ ಹೆಸರು. ತಮ್ಮ ಫೋನು ತಾವ ತಂದು ಕೊಟ್ಟಾರ, ಹಿಟ್ಟಿನ ಡಬ್ಬಿಯೊಳಗ ಹುಗದಿಡು, ನಾ ಅತ್ತು ಕೇಳಿದರೂ ಕೊಡಬ್ಯಾಡ ಅಂತ.’ ಶ್ರೀಧರ ಚಪ್ಪಲಿ ಬಿಡಲು ಬಗ್ಗಿದವನು ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಬಗ್ಗಿಯೇ ಇದ್ದ.

ಒಳಗೆ ಒರಗುವ ಕುರ್ಚಿಯಲ್ಲಿ ಗುರುಪಾದಪ್ಪ. ಶಾಲಿನ ಮೇಲೆ ನೀಲಿ ಬಿಳಿ ಸ್ಕಾರ್ಫು, ಎದೆಗೆ ಒತ್ತಿಕೊಂಡ ಒಂದು ಕೆಂಪು ದಿಂಬು. ಹೃದಯದ ಆಕಾರದ್ದು, ಕೆಮ್ಮು ಬಂದರೆ ಅಪ್ಪಿಕೊಳ್ಳಲಿ ಎಂದು ಆಸ್ಪತ್ರೆಯವರು ಕೊಟ್ಟದ್ದು. ಕತ್ತು ಸಣ್ಣದಾಗಿತ್ತು, ಕಣ್ಣು ಮಾತ್ರ ಹಳೆಯ ಗುರುಪಾದಪ್ಪನದೇ.

‘ಬಾರಪಾ ಶ್ರೀಧರಾ. ಕಿವಿ ಮುಚಗೊಂಡು ಬಂದೀ ಇಲ್ಲೋ? ಯಾರರೆ ಏನರೆ ಬೊಗಳ್ಯಾರೇನು ಹಾದ್ಯಾಗ?’

‘ಇಲ್ಲಪ್ಪ. ರೇಡಿಯೋನೂ ಹಾಕಿಲ್ಲ.’

‘ಶಾಣ್ಯಾ. ನೋಡಿಲ್ಲಿ, ನನ್ನ ಮಗಳು ನನಗ ಬೇಡಿ ಹಾಕ್ಯಾಳ.’

ಸ್ವಪ್ನಾ ಅವನ ತೋರುಬೆರಳಿಗೆ ನಾಡಿ ಎಣಿಸುವ ಒಂದು ಪುಟ್ಟ ಕ್ಲಿಪ್ಪು ಸಿಕ್ಕಿಸುತ್ತಿದ್ದಳು. ಅದರ ಮೇಲೆ ಕೆಂಪು ಅಂಕಿ: 74. ‘ನೂರಾ ಹತ್ತು ದಾಟಿದ್ರ ಟೀವಿ ಆಫ್, ನೋ ಆರ್ಗ್ಯುಮೆಂಟ್’ ಅಂದಳು. ‘ಸೌಂಡೂ ಇಲ್ಲ. ಆ ಕಾಮೆಂಟರಿ ಮಂದಿ ಸುಮ್ಮಸುಮ್ಮನ ಚೀರತಾರ.’ ಗುರುಪಾದಪ್ಪ ನಕ್ಕ. ‘ಬಾಯಿ ಕಟ್ಟಿದ ಟೀವಿ ನೋಡಪಾ. ಇರಲಿ, ಕಾಮೆಂಟರಿ ನಾ ಹೇಳತೀನಿ.’ ಶ್ರೀಧರನಿಗೆ ನೀರು ತರಲು ಎದ್ದವಳಂತೆ ಎದ್ದು ಸ್ವಪ್ನಾ ಅವನಿಗೆ ಮಾತ್ರ ಕಾಣುವ ಹಾಗೆ ಹೆಬ್ಬೆರಳು ಎತ್ತಿ ತೋರಿಸಿ, ಅಡಿಗೆಮನೆಯ ಮೇಜಿಗೆ ಹೋಗಿ ಲ್ಯಾಪ್‌ಟಾಪ್ ತೆರೆದಳು. ಆ ಹೆಬ್ಬೆರಳು ಶ್ರೀಧರನಿಗೆ ಮುಳ್ಳಿನಂತೆ ನಾಟಿತು.

ಮ್ಯಾಚು ಶುರುವಾಯಿತು. ‘ಹಸರು ಅಂಗಿಯವ ಬಂದಾ, ಬಂದಾ, ನಮ್ಮ ಹುಡುಗ ಅವನ ಕಾಲಾಗ ಕಾಲು ಹಾಕ್ಯಾನ, ರೆಫರಿ ಮಾವಶಿಮನಿಗೆ ಹೋಗ್ಯಾನ, ನೋಡಿಲ್ಲ...’ ಗುರುಪಾದಪ್ಪನ ದನಿ ತೆಳುವಾಗಿದ್ದರೂ ಮೈದಾನ ತುಂಬುತ್ತಿತ್ತು. ಶ್ರೀಧರನಿಗೆ ಆ ಕಾಮೆಂಟರಿ ಕೇಳುತ್ತ ಎಲ್ಲ ಮರೆತುಹೋಯಿತು, ಹಿಂದಿನ ಲ್ಯಾಬು, ಎಣ್ಣೆಯ ವಾಸನೆ, ಆಲ್ಬರ್ಟನ ಗೊರಕೆಯಂಥ ನಗೆ. ಹಾಗೆ ಮೈಮರೆತೇ ತಪ್ಪು ಮಾಡಿದ. ಚೆಂಡು ಇನ್ನೂ ಬಲಗಡೆಯ ಗೆರೆಯ ಹತ್ತಿರ ಇದ್ದಾಗಲೇ ‘ಥತ್’ ಅಂದುಬಿಟ್ಟ. ಅಲ್ಲಿಂದ ಚೆಂಡು ಎತ್ತಿ, ಹಾರಿ, ತಲೆಗೆ ತಗಲಿ, ಗೋಲಾಗಲು ಇನ್ನೂ ನಾಲ್ಕು ಸೆಕೆಂಡು ಇತ್ತು. ಗುರುಪಾದಪ್ಪ ನಿಧಾನವಾಗಿ ಕತ್ತು ಹೊರಳಿಸಿ ಅವನನ್ನು ನೋಡಿದ, ಮತ್ತೆ ಟೀವಿಯ ಕಡೆ ತಿರುಗಿದ. ಶ್ರೀಧರನೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ, ಅವನ ಕಣ್ಣು ಬೆರಳಿನ ಮೇಲಿತ್ತು. 78. ಎರಡನೇ ಗೋಲಿಗೆ 77. ಎಂಥ ಗಟ್ಟಿ ಎದೆ, ಎಂಥ ಹೊಲಿಗೆ ಹಾಕಿದ್ದಾರೆ ಡಾಕ್ಟರು! ತಾನು ಸೇಫು ಅಂದದ್ದು ಸರಿಯೇ ಆಯಿತು. ಎಪ್ಪತ್ತೊಂದನೇ ನಿಮಿಷಕ್ಕೆ ಥಾರ್ನ್‌ಲಿಯ ಮೊದಲ ಗೋಲು ಬಂದಾಗ ಗುರುಪಾದಪ್ಪ ದಿಂಬಿನ ಮೇಲೆ ಎರಡು ಸಲ ಮೆಲ್ಲಗೆ ತಟ್ಟಿದ. 80. ಕಾಮೆಂಟರಿ ಯಾವಾಗ ನಿಂತಿತೋ ಶ್ರೀಧರನಿಗೆ ತಿಳಿಯಲೇ ಇಲ್ಲ.

ಬಸವ್ವ ಬಿಸಿ ರೊಟ್ಟಿ, ಬದನೆಕಾಯಿ ಪಲ್ಯ ತಂದು ಶ್ರೀಧರನ ಕೈಗಿಟ್ಟಳು. ಎಂಬತ್ತನಾಲ್ಕನೇ ನಿಮಿಷ. ಹಸಿರಿನವನು ಪೆನಾಲ್ಟಿಗೆ ಚೆಂಡು ಇಟ್ಟು ಹಿಂದೆ ಹಿಂದೆ ನಡೆಯುತ್ತಿದ್ದ.

‘ಉಳಸ್ತಾನ’ ಎಂದ ಗುರುಪಾದಪ್ಪ.

ಅವನು ಟೀವಿ ನೋಡುತ್ತಿರಲಿಲ್ಲ. ಶ್ರೀಧರನನ್ನು ನೋಡುತ್ತಿದ್ದ.

‘ಏನು?’

‘ನಮ್ಮ ಗೋಲಿ. ಉಳಸ್ತಾನ.’

ಉಳಿಸಿದ. ಎಡಗಾಲಿನ ತುದಿಯಿಂದ.

‘ಹೇಗೆ ಹೇಳಿದೆ?’ ಅಂದ ಶ್ರೀಧರ, ಆಶ್ಚರ್ಯದ ದನಿ ತರಲು ನೋಡಿದ.

‘ನೀ ರೊಟ್ಟಿ ತಿನ್ನಾಕತ್ತೀದಿ. ಪೆನಾಲ್ಟಿ ಹೊತ್ತಿನ್ಯಾಗ ನೀ ಎದ್ದು ಕಿಡಕಿಗೆ ಮಾರಿ ಮಾಡಿ ನಿಂದರಾಂವ. ನಲವತ್ತು ವರ್ಷದಾಗ ನೀ ಪೆನಾಲ್ಟಿ ನೋಡಿದ್ದ ನಾ ಕಂಡಿಲ್ಲ. ಇವತ್ತು ಬಾಯಾಗ ತುತ್ತು ಹಾಕ್ಕೊಂಡು ಆರಾಮ ಅಗೀತಿ.’

ಬಾಯಿಯ ತುತ್ತು ನುಂಗಲೂ ಬರಲಿಲ್ಲ, ಉಗುಳಲೂ ಬರಲಿಲ್ಲ. ಗುರುಪಾದಪ್ಪ ತನ್ನ ಬೆರಳಿನ ಕ್ಲಿಪ್ಪು ತೆಗೆದು, ಮುಂದಕ್ಕೆ ಬಾಗಿ, ಇವನ ಎಡಗೈಯ ಬೆರಳಿಗೆ ಸಿಕ್ಕಿಸಿದ. ಅಂಕಿ ಒಂದು ಕ್ಷಣ ತಡಕಾಡಿತು. 121.

‘ನೋಡಲ್ಲಿ. ಆಕಿ ಟೀವಿ ಆಫ್ ಮಾಡೋದಿದ್ರ ನಿನ್ನ ಸಂಬಂಧ ಮಾಡಬೇಕು’ ಅಂದು ನಕ್ಕು, ದನಿ ತಗ್ಗಿಸಿದ. ‘ಕಟ್ಟು ಬಿಚ್ಚೀದಿ, ಹೌದಿಲ್ಲೊ?’

‘ಹೂಂ.’

‘ಆಕಿ ಹೇಳಿದ್ಲು?’

‘ಹೂಂ. ನಾನೂ ಒಪ್ಪಿಕೊಂಡೆ. ನನಗೂ ತಡೆಯೋಕಾಗಲಿಲ್ಲ ಗುರು.’

ಗುರುಪಾದಪ್ಪ ಕ್ಲಿಪ್ಪನ್ನು ವಾಪಸು ತೆಗೆದುಕೊಂಡು ತನ್ನ ಬೆರಳಿಗೆ ಹಾಕಿಕೊಂಡ. ‘ನನಗ ಹೇಳಬೇಕಿಲ್ಲೋ ಹುಚ್ಚಪ್ಯಾಲಿ. ಮಧ್ಯಾಹ್ನ ಇಲ್ಲೇ ಬಂದಬಿಡತಿದ್ದಿ, ಇಬ್ರೂ ಕೂಡಿ ನೋಡಿ, ಸಂಜೀಕ ಇಬ್ರೂ ಕೂಡಿ ಆಕಿಗೆ ಸುಳ್ಳು ಹೇಳತಿದ್ವಿ.’

ಇದನ್ನು ಅವನು ತಮಾಷೆಗೇ ಹೇಳಿದ. ಅದಕ್ಕೇ ಶ್ರೀಧರನಿಗೆ ಉರಿಯಿತು. ಎರಡು ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ‘ಇನ್ನು ನಿನ್ನ ಹತ್ತಿರ ಏನೂ ಮುಚ್ಚಿಡಲ್ಲ ಗುರು, ಆಣೆ’ ಅಂದ. ‘ಆತು ಬಿಡೋ, ಮ್ಯಾಚ್ ನೋಡು’ ಅಂದ ಗುರುಪಾದಪ್ಪ. ನೋಡಿದರು. ತೊಂಬತ್ತು ನಿಮಿಷ ಮುಗಿದು ಹೆಚ್ಚುವರಿ ನಿಮಿಷಗಳು ಶುರುವಾದವು. ಬೋಳುತಲೆಯವನು ಹಿಂದಿನಿಂದ ಮುಂದಕ್ಕೆ ಓಡಿ ಬರುತ್ತಿದ್ದಂತೆ ಶ್ರೀಧರನ ಕಾಲಿನ ಬೆರಳು ತಾವಾಗಿ ಮಡಚಿಕೊಂಡವು. ಗುರುಪಾದಪ್ಪ ಅದನ್ನೂ ನೋಡಿದ. ಮದುವೆಮನೆಯಲ್ಲಿ ವರ ಯಾವನು ಎಂದು ವಿಚಾರಿಸುವವನ ಹಾಗೆ ಕೇಳಿದ. ‘ಈ ಬೋಳ್ಯಾನs?’ ಶ್ರೀಧರ ತಲೆ ಆಡಿಸಿದ. ಚೆಂಡು ಬಂತು, ಮೂಳೆಗೆ ಬಡಿಯಿತು, ಒಳಗೆ ಹೋಯಿತು. ‘ಹಾಂ’ ಅಂದ ಗುರುಪಾದಪ್ಪ. ‘ಛಲೋ ಆತು.’ 79. ರೆಫರಿ ವೀಡಿಯೊ ನೋಡುವ ಮೂರು ನಿಮಿಷದಲ್ಲಿ ಅವನು ಬಸವ್ವನನ್ನು ಕರೆದು ನೀರು ಕೇಳಿ, ಕುಡಿದು, ಲೋಟ ವಾಪಸು ಕೊಟ್ಟ. ಇಪ್ಪತ್ತೆರಡು ವರ್ಷ ಕಾದ ಗೋಲು. ಹುಬ್ಬು ಏರಲಿಲ್ಲ, ಬಾಯಿ ತೆರೆಯಲಿಲ್ಲ, ಆ ಅರ್ಧ ಕ್ಷಣ ಬರಲೇ ಇಲ್ಲ. ಯಾವುದನ್ನು ನೋಡಲು ಶ್ರೀಧರ ಸ್ನೇಹಿತನ ಎದೆಯನ್ನೇ ಪಣಕ್ಕಿಟ್ಟನೋ ಅದನ್ನು ತಾನೇ, ಮಧ್ಯಾಹ್ನವೇ, ಕಾಲುಚೀಲ ಹಾಕಿಕೊಂಡು ಸೋಫಾದ ಮೇಲೆ ನಿಂತು ತಿಂದು ಮುಗಿಸಿದ್ದ. ತನ್ನ ಕಳ್ಳಮುಖ ಸಿಕ್ಕಿಬಿದ್ದದ್ದರಿಂದಲೇ ಆ ಎದೆಗೆ ಏನೂ ಆಗಲಿಲ್ಲ, ನಿಜ. ಅದಕ್ಕಾಗಿ ಸಂತೋಷಪಡಬೇಕು, ನಿಜ. ಸಂತೋಷವೂ ಆಗಿತ್ತು. ಉಳಿದ ರೊಟ್ಟಿಯನ್ನು ಮಡಚಿ ತಟ್ಟೆಯ ಅಂಚಿಗೆ ಸರಿಸಿದ.

ಕೊನೆಯ ಸೀಟಿ ಊದಿದರು. ತೆರೆಯ ಮೇಲೆ ಸ್ಟುಡಿಯೋ ಬಂತು, ಕೆಂಪು ಟೈಯವನು ಬಂದ. ಶ್ರೀಧರ ಎದ್ದು ಹೊರಡುವ ಮಾತು ಹುಡುಕುತ್ತಿದ್ದ. ಆಗ ಗುರುಪಾದಪ್ಪನ ಕೈಬೆರಳುಗಳು ದಿಂಬಿನ ಮೇಲೆ ಅಲ್ಲಾಡತೊಡಗಿದವು. ಒಂದು, ಎರಡು. ನಿಂತವು. ಮತ್ತೆ, ಒಂದು, ಎರಡು. ಹುಬ್ಬು ಮೇಲೇರಿತು. ಬಾಯಿ ತೆರೆಯಿತು. ಅರ್ಧ ಕ್ಷಣ ದನಿ ಬರಲಿಲ್ಲ.

‘ಶ್ರೀಧರಾ!’

‘ಏನೋ, ಏನಾಯ್ತು? ನೋವಾ?’

‘ಎರಡೋ! ಅವರ ಮನ್ಯಾಗ ಎರಡು ಹೊಡದೀವಿ! ಹೊರಗಿನ ಗೋಲು ಎರಡು! ಮುಂದಿನ ಬುಧವಾರ ನಮ್ಮೂರಾಗ ಸೊನ್ನಿ ಸೊನ್ನಿ ಆದರೂ ನಾವ ಪಾರು! ಒಂದೊಂದು ಆದರೂ ನಾವ ಪಾರು! ಎರಡು ಸಾವಿರದ ಮೂರರಾಗ ಹಿಂಗs ಆಗಿತ್ತಲ್ಲೋ, ನೆನಪೈತಿಲ್ಲೊ? ಅಲ್ಲಿ ಒಂದೊಂದು, ಇಲ್ಲಿ ಸೊನ್ನಿ ಸೊನ್ನಿ!’

88. ನೆನಪಿಲ್ಲದೆ ಏನು. ಆಗ ಗುರುಪಾದಪ್ಪ ಕ್ರಾಸ್‌ರೋಡ್ಸ್‌ನ ಅಪಾರ್ಟ್‌ಮೆಂಟಿನಲ್ಲಿದ್ದ. ಕ್ಯಾಸೆಟ್ಟು ಮುಗಿದದ್ದೇ ಇಬ್ಬರೂ ಓಡುತ್ತ ಪಕ್ಕದ ಶಾಪಿಂಗ್ ಮಾಲ್‌ಗೆ ಹೋಗಿ, ನೆಲದ ಮೇಲೆ ಸೊಂಟದೆತ್ತರದ ಕಾಯಿಗಳಲ್ಲಿ ಚೆಸ್ ಆಡುತ್ತಿದ್ದ ಇಬ್ಬರು ರಷ್ಯನ್ ಅಜ್ಜಂದಿರನ್ನು ತಬ್ಬಿಕೊಂಡು, ಹೊರಗಿನ ಗೋಲಿನ ನಿಯಮವನ್ನು ಆನೆ ಕುದುರೆಗಳನ್ನು ಸರಿಸಿ ವಿವರಿಸಿದ್ದರು. ಆ ಅಜ್ಜಂದಿರ ಆಟ ಕೆಟ್ಟಿತು, ಆದರೂ ಅವರು ಚಪ್ಪಾಳೆ ತಟ್ಟಿದರು.

‘ಇದು ನಂದs ನೋಡು ಮತ್ತ’ ಎನ್ನುತ್ತಿದ್ದ ಗುರುಪಾದಪ್ಪ, ಕುರ್ಚಿಯಲ್ಲಿ ನೆಟ್ಟಗಾಗಿ, ದಿಂಬನ್ನು ಅಪ್ಪಿಕೊಂಡು. 95. ‘ಮ್ಯಾಚ್ ನೀ ಮೊದಲ ನೋಡಿದಿ, ನನಗ ಹಳಸಿದ್ದ ಕೊಟ್ಟಿ. ಆದರ ಇದನ್ನ ನೀ ಹೇಳಿಲ್ಲ. ಇದು ನಿನ್ನ ಮಾರಿ ಮ್ಯಾಲೆ ಇರಲಿಲ್ಲ. ಇದು ನಾನs ಹುಡುಕಿದ್ದು. ಲೇ ಬಸವ್ವಾ, ಸಕ್ರಿ ತಗೊಂಡು ಬಾ! ಗೆದ್ದ ಹಂಗs!’ 101. ಸ್ವಪ್ನಾ ಲ್ಯಾಪ್‌ಟಾಪ್ ಮುಚ್ಚಿ ಬಾಗಿಲಲ್ಲಿ ಬಂದು ನಿಂತಳು. ಅವಳ ಕಣ್ಣು ಅಂಕಿಯ ಮೇಲೆ. ಬಾಯಿ ಕಟ್ಟಿದ ಟೀವಿಯಲ್ಲಿ ಕೆಂಪು ಟೈಯವನ ತುಟಿಗಳು ಆಡುತ್ತಿದ್ದವು. ಅವನು ಏನು ಹೇಳುತ್ತಿದ್ದಾನೆಂದು ಆ ಕೋಣೆಯಲ್ಲಿ ಒಬ್ಬನಿಗೆ ಮಾತ್ರ ಗೊತ್ತಿತ್ತು.

‘ಹೌದಿಲ್ಲೋ ಶ್ರೀಧರಾ? ಹೊರಗಿನ ಗೋಲು ಎರಡು. ನಾವ ಮುಂದ. ಹೌದಿಲ್ಲೊ?’

104. ಏನೂ ಮುಚ್ಚಿಡಲ್ಲ, ಆಣೆ, ಎಂದು ಹೇಳಿ ಇಪ್ಪತ್ತು ನಿಮಿಷವೂ ಆಗಿರಲಿಲ್ಲ. ಗುರುಪಾದಪ್ಪನ ಮುಖದಲ್ಲಿ ಅದೇ, ಮಧ್ಯಾಹ್ನದಿಂದ ಶ್ರೀಧರ ನೋಡಬೇಕೆಂದು ಸತ್ತು ಸುಣ್ಣವಾಗಿದ್ದದ್ದು, ಪೂರ್ತಿ ಹೊಸದು, ಯಾರೂ ಮುಟ್ಟದ್ದು, ಗಂಟು ಸಹಿತ ಇದ್ದದ್ದು.

‘ಹೌದು ಗುರು’ ಅಂದ ಶ್ರೀಧರ. ‘ನಾವೇ ಮುಂದೆ.’

ಬಸವ್ವ ಎಲ್ಲರ ಬಾಯಿಗೂ ಒಂದೊಂದು ಚಿಟಿಕೆ ಸಕ್ಕರೆ ಹಾಕಿದಳು. ಶ್ರೀಧರನೂ ಬಾಯಿ ತೆರೆದ.

ಆಮೇಲೆ ಅವನು ಗುರುವಾರ ಒಂದು ಸಲ, ಶುಕ್ರವಾರ ಎರಡು ಸಲ ಆ ವಿಷಯ ಗುರುಪಾದಪ್ಪನಿಗೆ ಮೆಸೇಜು ಬರೆದು ಅಳಿಸಿದ. ಫೋನಿನಲ್ಲಿ ಹೇಳೋಣವೆಂದರೆ ಆ ಕಡೆಯಿಂದ ಗುರುಪಾದಪ್ಪ ‘ಸೊನ್ನಿ ಸೊನ್ನಿ ಸಾಕಪಾ’ ಎಂದೇ ಮಾತು ಶುರು ಮಾಡುತ್ತಾನೆ, ಅಷ್ಟು ಆರಾಮಾಗಿದ್ದಾನಂತೆ, ಒಂದು ಮೈಲಿ ನಡೆದನಂತೆ. ಬುಧವಾರ ಹತ್ತಿರ ಬರುತ್ತಿದೆ. ಸೊನ್ನೆ ಸೊನ್ನೆಯಲ್ಲಿ ತೊಂಬತ್ತು ನಿಮಿಷ ಮುಗಿದು, ಗುರುಪಾದಪ್ಪ ಸಕ್ಕರೆ ಕೇಳಿ, ಆಟಗಾರರು ಮಾತ್ರ ಮೈದಾನ ಬಿಡದೆ ಇನ್ನೂ ಆಡುತ್ತಲೇ ಇದ್ದರೆ ಏನು ಗತಿ? ಹೊರಗಿನ ಗೋಲಿನ ರೂಲು ಈಗಿಲ್ಲ ಎಂಬುದನ್ನು ಆ ಎದೆ ಮೊದಲ ಸಲ ಆಗ ಕೇಳಬಾರದು. ಮೊದಲೇ ಗೊತ್ತಾಗಬೇಕು. ಶ್ರೀಧರನ ಬಾಯಿಂದ ಅದು ಆಗುವುದಿಲ್ಲ. ನಾನು ಹೇಳುತ್ತೇನಲ್ಲ, ಆಗುವುದಿಲ್ಲ.

ಅದಕ್ಕೇ ಇಷ್ಟು ಹೊತ್ತು ಗಂಟಲು ಒಣಗಿಸಿಕೊಂಡದ್ದು. ಕೇಳಿ ಸುಮ್ಮನೆ ಕೂರಬೇಡಿ, ನಗುವ ಮುಖ ಅಂಟಿಸಬೇಡಿ. ನಿಮಗೆ ಗೊತ್ತಿರುವ ನಾಲ್ಕು ಮನೆಗೆ ಇದನ್ನು ದಾಟಿಸಿ, ಅವರು ಇನ್ನು ನಾಲ್ಕು ಮನೆಗೆ ದಾಟಿಸಲಿ, ಬುಧವಾರದೊಳಗೆ ಎಜುಕೇಶನ್ ಹಿಲ್ಲಿನ ಆ ಮನೆಗೆ ಹೋಗಿ ಮುಟ್ಟಲಿ. ಮೊದಲು ಸ್ವಪ್ನಾಳ ಕೈಗೆ ಸಿಕ್ಕರೆ ಒಳ್ಳೆಯದು. ಅಮ್ಮಾ ಸ್ವಪ್ನಾ, ಅಪ್ಪನ ಬೆರಳಿಗೆ ಆ ಕ್ಲಿಪ್ಪು ಹಾಕು, ಆ ಕೆಂಪು ದಿಂಬು ಕೊಡು. ಆದರೆ ಅವನೊಬ್ಬನಿಗೇ ಇದನ್ನು ಕೇಳಿಸಬೇಡ. ಲಿನ್‌ವುಡ್‌ಗೆ ಫೋನು ಮಾಡಿ ಶ್ರೀಧರನನ್ನು ಕರೆಸು, ಪಕ್ಕದ ಕುರ್ಚಿಯಲ್ಲಿ ಕೂರಿಸು, ಅವನು ಬರುವ ತನಕ ಫೋನನ್ನು ಹಿಟ್ಟಿನ ಡಬ್ಬಿಯಲ್ಲೇ ಇಟ್ಟಿರು. ಇಬ್ಬರೂ ಕೂತ ಮೇಲೆ ಒತ್ತು.